ಕೀಳದೆ ಬಿಟ್ಟ ಹಲ್ಲು

ಹಲ್ಲು ಕೀಳುವುದಕ್ಕೆ ಮುಂಚೆ ಒಂದು ಹತ್ತು ನಿಮಿಷ ಕಾಯಬೇಕಾಗುತ್ತದೆ. ಇಂಜೆಕ್ಷನ್ ಕೊಟ್ಟಾಗಿದೆ, ತುಟಿ ಇನ್ನೂ ಪೂರ್ತಿ ಮರಗಟ್ಟಿಲ್ಲ, ರೋಗಿ ಕುರ್ಚಿಯಲ್ಲಿ ಒರಗಿಕೊಂಡು ಸೂರು ನೋಡುತ್ತಿದ್ದಾನೆ. ಈ ಹತ್ತು ನಿಮಿಷ ಹಲ್ಲಿನ ಡಾಕ್ಟರುಗಳು ಏನು ಮಾಡುತ್ತಾರೆಂದು ಯಾರೂ ಕೇಳುವುದಿಲ್ಲ, ಅವರೂ ಹೇಳಿಕೊಳ್ಳುವುದಿಲ್ಲ. ಕಾಗದ ತುಂಬುತ್ತಾರೆ, ಅಷ್ಟೆ. ಪ್ರತಿ ರೋಗಿಗೂ ಒಂದು ಹಲ್ಲಿನ ನಕ್ಷೆ ಇರುತ್ತದೆ. ಮೇಲೆ ಹದಿನಾರು, ಕೆಳಗೆ ಹದಿನಾರು ಪುಟ್ಟ ಮನೆಗಳು. ಮಾಡಬೇಕಾದ ಕೆಲಸಕ್ಕೆ ಕೆಂಪು ಶಾಯಿ, ಮಾಡಿ ಮುಗಿಸಿದ ಕೆಲಸಕ್ಕೆ ನೀಲಿ. ಕೀಳಬೇಕಾದ ಹಲ್ಲಿನ ಮೇಲೆ ಕೆಂಪು ಇಂಟು ಗುರುತು, ಕಿತ್ತಾದ ಮೇಲೆ ಅದರ ಮೇಲೆಯೇ ನೀಲಿ ಇಂಟು. ನಿಯಮದ ಪ್ರಕಾರ ಹಲ್ಲು ತಟ್ಟೆಗೆ ಬಿದ್ದ ಮೇಲೆಯೇ ನೀಲಿ ಪೆನ್ನು ಮುಟ್ಟಬೇಕು. ಆದರೆ ಹಲ್ಲು ಬೀಳುವ ಹೊತ್ತಿಗೆ ಕೈಗವಸೆಲ್ಲ ರಕ್ತವಾಗಿರುತ್ತದೆ, ಹೊರಗೆ ಇನ್ನೊಬ್ಬ ಕೆನ್ನೆ ಹಿಡಿದುಕೊಂಡು ಕೂತಿರುತ್ತಾನೆ. ಇನ್ನು ಹತ್ತು ನಿಮಿಷಕ್ಕೆ ಆಗಿಯೇ ಆಗುವ ಕೆಲಸ, ಈಗಲೇ ಎಳೆದುಬಿಟ್ಟರೆ ಏನಾಯಿತು ಎಂದು ಕಾಯುವ ಹೊತ್ತಿನಲ್ಲೇ ನೀಲಿ ಗೆರೆ ಎಳೆದು ಮುಗಿಸುವವರು ಬೇಕಾದಷ್ಟು ಮಂದಿ ಇದ್ದಾರೆ.

ಗ್ವಾಯಾಕಿಲ್ ನಗರದ ಇಪ್ಪತ್ತೊಂಬತ್ತನೇ ಬೀದಿಯ ಹಲ್ಲಿನ ಡಾಕ್ಟರು ಮರಿಯುಕ್ಸಿ ಯಾಗ್ವಾಲ್ ಹತ್ತೊಂಬತ್ತು ವರ್ಷದಿಂದ ಹಾಗೆಯೇ ಮಾಡಿಕೊಂಡು ಬಂದವಳು. ಕೆಳಗೆ ಕ್ಲಿನಿಕ್ಕು, ಮೇಲೆ ಮನೆ, ಒಬ್ಬಳೇ ವಾಸ. ಅವಳ ಕೈ ಹಗುರ ಎಂದು ಬೀದಿಯಲ್ಲಿ ಹೆಸರಿತ್ತು. ಕೀಳುತ್ತೇನೆಂದು ಹೇಳಿ ಕೀಳದೆ ಬಿಟ್ಟ ಹಲ್ಲು ಆ ಹತ್ತೊಂಬತ್ತು ವರ್ಷದಲ್ಲಿ ಒಂದೂ ಇರಲಿಲ್ಲ.

ಮಾರ್ಚ್ ಹದಿನಾರು, ಸೋಮವಾರ. ನಾಳೆಯಿಂದ ಎಲ್ಲರೂ ಬಾಗಿಲು ಹಾಕಬೇಕು, ರೋಗ ಊರೊಳಗೆ ಬಂದಾಗಿದೆ ಎಂದು ರೇಡಿಯೋ ಬೆಳಗಿನಿಂದ ಹೇಳುತ್ತಿತ್ತು. ಆ ದಿನದ ಕೊನೆಯ ರೋಗಿ ವೆಲಿಂಗ್ಟನ್ ಕಿಮಿ, ಆ ಊರಿನಲ್ಲಿ ಹಿರಿಯರನ್ನು ಕರೆಯುವ ಹಾಗೆ ದೋನ್ ವೆಲಿಂಗ್ಟನ್. ಎದುರು ಸಾಲಿನ ಮೂರನೇ ಮನೆಯವರು, ನಲವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಎಡಗಡೆ ಕೆಳದವಡೆಯ ಮೊದಲ ದೊಡ್ಡ ಹಲ್ಲು, ಬಾಯಿಯನ್ನು ನಾಲ್ಕು ಭಾಗ ಮಾಡಿ ಎಣಿಸುವ ಡಾಕ್ಟರುಗಳ ಲೆಕ್ಕದಲ್ಲಿ ಮೂರನೇ ಭಾಗದ ಆರನೆಯದು, ಅಂದರೆ ಮೂವತ್ತಾರನೇ ನಂಬರು, ಒಳಗೊಳಗೇ ಕೊಳೆತು ಮೂರು ದಿನದಿಂದ ಅವರನ್ನು ನಿದ್ದೆ ಮಾಡಲು ಬಿಟ್ಟಿರಲಿಲ್ಲ.

"ಡಾಕ್ಟ್ರಮ್ಮಾ, ನಿಮ್ಮ ಈ ಸೀಟು ಇದ್ಯಲ್ಲ, ನಂಗೆ ಬಸ್ಸಲ್ಲಿ ಇಂಥದ್ದು ಕೊಟ್ಟಿದ್ರೆ ಇನ್ನೂ ಹತ್ತು ವರ್ಷ ಓಡಿಸ್ತಿದ್ದೆ," ಎಂದರು ಕುರ್ಚಿಯ ಮೇಲೆ ಒರಗುತ್ತ. "ಒಂದೇ ಕೊರತೆ. ಹಾರ್ನ್ ಇಲ್ಲ."

"ಬಾಯಿ ತೆಗೀರಿ. ಹಾರ್ನ್ ನೀವೇ ಹೊಡೀತೀರಿ ಈಗ."

"ಅಯ್ಯೋ, ನನ್ನ ಹೆಂಡ್ತಿಗೆ ಕೇಳ್ಸುತ್ತೆ. ಆಮೇಲೆ ಜನ್ಮಪೂರ್ತಿ ಆಡ್ಕೊಂಡು ನಗ್ತಾಳೆ."

ಮರಿಯುಕ್ಸಿ ಇಂಜೆಕ್ಷನ್ ಕೊಟ್ಟಳು. ಕೈಗವಸು ತೆಗೆದಿಟ್ಟು, ನಕ್ಷೆ ಹರಡಿ, ಮೂವತ್ತಾರರ ಮೇಲಿನ ಕೆಂಪು ಇಂಟಿನ ಮೇಲೆ ನೀಲಿ ಇಂಟು ಎಳೆದು, ತಾರೀಕು ಹಾಕಿ, ರುಜು ಮಾಡಿದಳು. ಹೊಸ ಕೈಗವಸು ಹಾಕಿ ಇಕ್ಕಳ ಎತ್ತಿಕೊಂಡು ಬಾಗುವುದಕ್ಕೂ ದೋನ್ ವೆಲಿಂಗ್ಟನ್ ಕೆಮ್ಮುವುದಕ್ಕೂ ಸರಿಹೋಯಿತು.

ಒಂದೇ ಒಂದು ಸಲ ಕೆಮ್ಮಿದ್ದು. ಉಗುಳು ಗಂಟಲಿಗೆ ಸಿಕ್ಕಿತೋ, ಧೂಳಿಗೆ ಬಂತೋ, ಅದೇ ಕೆಮ್ಮೋ, ಯಾರಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಅವಳ ಜೊತೆ ಓದಿದವನೊಬ್ಬ, ನಾಲ್ಕು ಬೀದಿ ಆಚೆ ಕ್ಲಿನಿಕ್ಕು ಇಟ್ಟವನು, ಇದೇ ರೋಗಕ್ಕೆ ಸಿಕ್ಕಿ ಉಸಿರಾಟದ ಯಂತ್ರದ ಮೇಲಿದ್ದಾನೆಂದು ಆ ದಿನ ಬೆಳಿಗ್ಗೆಯಷ್ಟೇ ಸುದ್ದಿ ಬಂದಿತ್ತು. ಮರಿಯುಕ್ಸಿ ಹಿಂದೆ ಸರಿದಳು. ಬೆನ್ನಿಗೆ ಔಷಧದ ಬೀರು ತಗುಲುವವರೆಗೆ ಸರಿದಳು.

"ಏಳಿ ದೋನ್ ವೆಲಿಂಗ್ಟನ್. ಇವತ್ತು ಬೇಡ."

"ಬೇಡ ಅಂದ್ರೆ? ತುಟಿ ಸತ್ತೇ ಹೋಗಿದೆ ಡಾಕ್ಟ್ರಮ್ಮಾ," ಎಂದರು ಅವರು ಅರ್ಧ ಬಾಯಲ್ಲಿ.

"ಎರಡು ವಾರ ಬಿಟ್ಟು ಬನ್ನಿ. ದಯವಿಟ್ಟು."

ಅವರು ಅವಳ ಮುಖ ನೋಡಿದರು. ಅವಳು ನಿಂತ ಜಾಗ ನೋಡಿದರು. ಅರ್ಥವಾಯಿತು. ಜೇಬಿನಿಂದ ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡು ಎದ್ದು, ಬಾಗಿಲ ಹಿಡಿಯನ್ನು ಮೊಣಕೈಯಲ್ಲಿ ಒತ್ತಿ ತೆರೆದರು. "ನಾನೇನೂ ಮುಟ್ಟಲ್ಲ ಬಿಡಿ, ಹೆದರ್ಕೋಬೇಡಿ," ಎಂದು ಹೇಳಿ ಬೀದಿ ದಾಟಿದರು. ಮರಿಯುಕ್ಸಿ ಕುರ್ಚಿಯನ್ನು ಬ್ಲೀಚು ಹಾಕಿ ಮೂರು ಸಲ ಒರೆಸಿದಳು. ನಕ್ಷೆಯನ್ನು ಬೀರುವಿನಲ್ಲಿಟ್ಟಳು. ಮೇಲೆ ಹೋಗಿ ಸ್ನಾನ ಮಾಡಿದಳು.

ಆಮೇಲಿನ ತಿಂಗಳುಗಳ ಬಗ್ಗೆ ಹೇಳಲು ಅವಳಿಗೆ ಹೆಚ್ಚೇನೂ ಇಲ್ಲ. ಮಧ್ಯಾಹ್ನ ಎರಡಕ್ಕೆ ಕರ್ಫ್ಯೂ. ಬೀದಿಯ ಮನೆಗಳೊಳಗೆ ಹೆಣಗಳು ಒಯ್ಯುವವರಿಗಾಗಿ ದಿನಗಟ್ಟಲೆ ಕಾದವು. ಕಾಲೇಜಿನ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಮೊದಮೊದಲು ಯಾರಾದರೂ ಹೋದರೆ ಎಲ್ಲರೂ ಉದ್ದುದ್ದ ಬರೆಯುತ್ತಿದ್ದರು, ಆಮೇಲೆ ಒಂದು ಕಪ್ಪು ರಿಬ್ಬನ್ನು, ಆಮೇಲೆ ಅದನ್ನೂ ಹಾಕುವವರಿಲ್ಲ. ಸಂಜೆ ಜನ ಬಾಲ್ಕನಿಗೆ ಬಂದು ಡಾಕ್ಟರುಗಳಿಗಾಗಿ ಚಪ್ಪಾಳೆ ತಟ್ಟುತ್ತಿದ್ದರು. ಆ ಚಪ್ಪಾಳೆ ಹಲ್ಲಿನವರಿಗೂ ಸೇರಿದ್ದೋ ಅಲ್ಲವೋ ಎಂದು ಗುಂಪಿನಲ್ಲಿ ಯಾರೋ ಕೇಳಿದ್ದರು. ಊರಿನ ಬಾಯಿಗೆ ಗೇಣು ದೂರದಲ್ಲಿ ಮೂಗಿಟ್ಟು ಬದುಕುವವರು ತಾವು, ಎಲ್ಲರಿಗಿಂತ ಮೊದಲು ಹೋಗುವವರೂ ತಾವೇ ಎಂದು ಎಲ್ಲರಿಗೂ ಗೊತ್ತಿತ್ತು.

ಮಾರ್ಚ್ ಕೊನೆಯಲ್ಲಿ ದೋನ್ ವೆಲಿಂಗ್ಟನ್ನರ ಹೆಂಡತಿ ದೋನ್ಯಾ ಎಲೋದಿಯಾ ಫೋನು ಮಾಡಿದ್ದರು. ಇಪ್ಪತ್ತೈದಕ್ಕೆ ಗಂಡನಿಗೆ ಉಸಿರು ಸಿಕ್ಕದೆ ಆಸ್ಪತ್ರೆಗೆ ಒಯ್ದರಂತೆ. ಇಪ್ಪತ್ತೊಂಬತ್ತಕ್ಕೆ ತೀರಿಕೊಂಡರೆಂದು ಹೇಳಿದರಂತೆ. ಹೆಣ ಕೊಡಿ ಎಂದರೆ ಸಿಗುತ್ತಿಲ್ಲ ಎನ್ನುತ್ತಾರಂತೆ. ಮರಿಯುಕ್ಸಿ "ಛೆ" ಎಂದಳು, "ಪಾಪ" ಎಂದಳು, ಫೋನು ಇಟ್ಟಳು, ಅರ್ಧಕ್ಕೆ ಬಿಟ್ಟಿದ್ದ ಬಿಳಿ ಕೋಟಿಗೆ ಇಸ್ತ್ರಿ ಮಾಡಿ ಮುಗಿಸಿದಳು. ಕೀಳದೆ ಕಳಿಸಿದ ಹಲ್ಲು ನೆನಪಾಯಿತು. ನೆನಪಾಯಿತು, ಅಷ್ಟೆ. ಒಳಗೆ ಎಲ್ಲಿಯೂ ಏನೂ ಅಲುಗಲಿಲ್ಲ.

ಜೂನಿನಲ್ಲಿ ಕ್ಲಿನಿಕ್ಕು ತೆರೆಯಬಹುದು ಎಂದಾಯಿತು. ಅವಳು ದಿನಾ ಬೆಳಿಗ್ಗೆ ಕೆಳಗಿಳಿದು ಬಾಗಿಲು ತೆರೆಯುತ್ತಿದ್ದಳು. ಯಾರ ಬಾಯಿಗೂ ಹೋಗದ ಸಲಕರಣೆಗಳನ್ನು ಹಬೆಯ ಯಂತ್ರದಲ್ಲಿ ಬೇಯಿಸಿ, ತಟ್ಟೆಯಲ್ಲಿ ಜೋಡಿಸಿ, ಮತ್ತೆ ಸುತ್ತಿಡುತ್ತಿದ್ದಳು. ಒಮ್ಮೆ ಒಬ್ಬ ಹೆಂಗಸು ಬಂದು ಕೂತು ಬಾಯಿ ತೆರೆದಳು. ಮರಿಯುಕ್ಸಿಯ ಕೈ ಮೇಲೇಳಲಿಲ್ಲ. ನಡುಗಲೂ ಇಲ್ಲ, ಸುಮ್ಮನೆ ತೊಡೆಯ ಪಕ್ಕದಲ್ಲೇ ಇತ್ತು. "ಯಂತ್ರ ಕೆಟ್ಟಿದೆ, ಕ್ಷಮಿಸಿ," ಎಂದು ಕಳಿಸಿದಳು. ಅಂದಿನಿಂದ ಯಾರು ಬಂದರೂ ಯಂತ್ರ ಕೆಟ್ಟಿದೆ.

ದಂತವೈದ್ಯರ ಸಂಘದವರು ಮನಸ್ಸಿನ ಆರೋಗ್ಯ ವಿಚಾರಿಸಲೆಂದು ಒಬ್ಬ ಹುಡುಗಿಯಿಂದ ಎಲ್ಲರಿಗೂ ಫೋನು ಮಾಡಿಸಿದರು. ಹುಡುಗಿಯ ಹತ್ತಿರ ಪ್ರಶ್ನೆಗಳ ಒಂದು ಪಟ್ಟಿ ಇತ್ತು.

"ಡಾಕ್ಟ್ರೇ, ಕಳೆದ ಎರಡು ವಾರದಲ್ಲಿ ಎಷ್ಟು ದಿನ ಅಳು ಬಂತು?"

"ಒಂದು ದಿನಾನೂ ಇಲ್ಲ."

"ಭಯ ಆಯ್ತಾ?"

"ಇಲ್ಲ."

"ಸಿಟ್ಟು?"

"ಇಲ್ಲ."

"ಎಲ್ಲಾ ಸೊನ್ನೆ! ನೀವು ತುಂಬಾ ಚೆನ್ನಾಗಿದೀರಾ ಡಾಕ್ಟ್ರೇ, ಹಿಂಗೇ ಇರಿ," ಎಂದು ಹುಡುಗಿ ಮನಸಾರೆ ಅಭಿನಂದಿಸಿ ಫೋನು ಇಟ್ಟಳು. ಏನೂ ಅನ್ನಿಸದೆ ಇರುವುದಕ್ಕೆ ಆ ಪಟ್ಟಿಯಲ್ಲಿ ಪ್ರಶ್ನೆಯೇ ಇರಲಿಲ್ಲ.

ಆಗಸ್ಟಿನಲ್ಲಿ ಓಲ್ಗರ್ ಲಸ್ಕಾನೊ ಫೋನು ಮಾಡಿದ. ಅವನೂ ಅವಳ ಬ್ಯಾಚಿನವನೇ. ಆದರೆ ಬದುಕಿದವರ ಹಲ್ಲು ಬಿಟ್ಟು ಸತ್ತವರ ಹಲ್ಲು ನೋಡುವ ಸರ್ಕಾರಿ ಕೆಲಸ ಹಿಡಿದವನು. ಆ ದಿನಗಳಲ್ಲಿ ಹೆಸರು ತಪ್ಪಿಹೋದ ಹೆಣಗಳು ಅವನ ಕಚೇರಿಯ ಹಿಂದಿನ ಶೀತಲ ಪೆಟ್ಟಿಗೆಗಳಲ್ಲಿದ್ದವು.

"ಮರಿಯುಕ್ಸಿ, ಬದುಕಿದೀಯೇನೇ?"

"ಇದೀನಿ ಅನ್ಸುತ್ತೆ."

"ಅಷ್ಟಿದ್ರೆ ಸಾಕು ಬಿಡು. ನನ್ನ ರೋಗಿಗಳು ನೋಡು, ಒಬ್ರೂ ಕೆಮ್ಮಲ್ಲ, ಒಬ್ರೂ ತಕರಾರು ಮಾಡಲ್ಲ. ಕೇಳಿಲ್ಲಿ, ವೆಲಿಂಗ್ಟನ್ ಕಿಮಿ ಅಂತ ನಿನ್ನ ಪೇಷೆಂಟ್ ಇದ್ರಂತೆ. ಇಲ್ಲೊಬ್ಬ ಮುದುಕಪ್ಪ ಇದಾನೆ, ಎತ್ತರ, ವಯಸ್ಸು ಎಲ್ಲಾ ಹೊಂದುತ್ತೆ. ಮುಖ ನೋಡಿ ಹೇಳೋ ಸ್ಥಿತೀಲಿ ಇಲ್ಲ. ಮಕ್ಕಳಿಲ್ಲ, ಒಡಹುಟ್ಟಿದೋರಿಲ್ಲ, ರಕ್ತ ಯಾರದ್ದರ ಜೊತೆ ಹೋಲಿಸೋದು? ಹಲ್ಲೊಂದೇ ದಾರಿ. ನಕ್ಷೆ ಕಳಿಸ್ತೀಯಾ?"

ಅವಳು ಬೀರು ತೆರೆದು ಕ ಅಕ್ಷರದ ಕೆಳಗಿನಿಂದ ಕಾಗದ ತೆಗೆದು, ಫೋಟೋ ಹೊಡೆದು ಕಳಿಸಿದಳು. ಅದನ್ನು ನೋಡಲಿಲ್ಲ. ಆ ದಿನಗಳಲ್ಲಿ ಅವಳು ಯಾವುದನ್ನೂ ನೋಡುತ್ತಿರಲಿಲ್ಲ, ಎಲ್ಲವನ್ನೂ ಕೈ ಮಾಡುತ್ತಿತ್ತು.

ಮುಂದಿನ ಸೋಮವಾರ ದೋನ್ಯಾ ಎಲೋದಿಯಾ ಬಂದರು. ಬಾಗಿಲು ತಟ್ಟಿದ್ದು ಕೇಳಿದರೇ ಏನೋ ಖುಷಿಯ ಸುದ್ದಿ ಎಂದು ಗೊತ್ತಾಗುವಂತಿತ್ತು. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ನಾಲ್ಕು ಮೀನಿನ ಕಡುಬು, ಅಲ್ಲಿಯವರ ಬೊಯ್ಯೊ, ಇನ್ನೂ ಹಬೆಯಾಡುತ್ತಿದ್ದವು. ಐದು ತಿಂಗಳಿಂದ ಬೆಳ್ಳಗೆ ಬಿಟ್ಟಿದ್ದ ಕೂದಲಿಗೆ ಬಣ್ಣ ಹಾಕಿಕೊಂಡಿದ್ದರು.

"ಅವ್ನಲ್ವಂತೆ, ತಾಯಿ! ಅವ್ನಲ್ವಂತೆ! ನಿಮ್ಮ ಕಾಗದ ನನ್ನ ಉಳಿಸ್ತು."

"ಯಾರು ಅಲ್ಲ?" ಎಂದಳು ಮರಿಯುಕ್ಸಿ.

"ಆ ಪೆಟ್ಟಿಗೇಲಿರೋನು! ಆ ಕಚೇರಿಯ ದಪ್ಪ ಡಾಕ್ಟ್ರು ಇವತ್ತು ಫೋನ್ ಮಾಡಿದ್ರು. ಅಮ್ಮಾ, ಈ ಮನುಷ್ಯನಿಗೆ ಎಡಗಡೆ ಆ ಹಲ್ಲು ಇದೆ, ನಿಮ್ಮ ಯಜಮಾನ್ರಿಗೆ ಕಿತ್ತಿದಾರೆ, ಕಿತ್ತ ಹಲ್ಲು ವಾಪಸ್ ಬರಲ್ಲ, ಹಂಗಾಗಿ ಇದು ಅವರಲ್ಲ ಅಂದ್ರು. ನಾನು ಹೇಳ್ದೆ, ಹೌದು ಸ್ವಾಮಿ, ಕಿತ್ತಿದ್ದು ನಂಗೂ ಗೊತ್ತು. ಆವತ್ತು ಮನೆಗೆ ಬಂದಾಗ ತುಟಿ ಜೋತುಬಿದ್ದು ಸೂಪೆಲ್ಲಾ ಗಲ್ಲದ ಮೇಲೆ ಸುರೀತಿತ್ತು. ಕಿತ್ತರಾ ಅಂದೆ. ಕಿತ್ತರು ಕಣೇ, ಗೊತ್ತೇ ಆಗ್ಲಿಲ್ಲ, ಬಂಗಾರದಂಥ ಕೈ ಅಂದ. ಹಂಗೇ ಅಂದ, ದೇವರಾಣೆ. ಬಂಗಾರದಂಥ ಕೈ."

ಮರಿಯುಕ್ಸಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಆಸ್ಪತ್ರೇಲಿ ಹೆಸರು ಅದಲುಬದಲು ಮಾಡಿದಾರೆ ಅಂತ ಊರೆಲ್ಲಾ ಹೇಳ್ತಿಲ್ವಾ? ಸತ್ಲು ಅಂದೋಳು ಎದ್ದು ಬಂದಿದ್ದು ಕೇಳಿಲ್ವಾ? ನನ್ನ ಮುದುಕ ಎಲ್ಲೋ ಇದಾನೆ. ನೆನಪು ಹೋಗಿದೆ ಅಷ್ಟೇ, ಅವ್ನಿಗೆ ಮೊದ್ಲೇ ಮರೆವು. ನಾಳೆಯಿಂದ ಒಂದೊಂದೇ ಆಸ್ಪತ್ರೆ ಹುಡುಕ್ತೀನಿ. ತಿನ್ನಿ ತಾಯಿ, ಬಿಸಿ ಇರೋವಾಗ್ಲೇ ತಿನ್ನಿ."

ಅವರು ಹೋದ ಮೇಲೆ ಮರಿಯುಕ್ಸಿ ಬೀರು ತೆರೆದು ನಕ್ಷೆ ನೋಡಿದಳು. ಮೂವತ್ತಾರರ ಮೇಲೆ ನೀಲಿ ಇಂಟು, ನೀಟಾಗಿ, ಮೂಲೆಯಿಂದ ಮೂಲೆಗೆ. ಕೆಳಗೆ ತಾರೀಕು, ಅವಳ ರುಜು. ಪೆಟ್ಟಿಗೆಯಲ್ಲಿರುವುದು ದೋನ್ ವೆಲಿಂಗ್ಟನ್ನರೇ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆ ಹಲ್ಲು ಬಾಯಲ್ಲೇ ಇದೆಯೆಂದು ಬಲ್ಲವರು ಭೂಮಿಯ ಮೇಲೆ ಇಬ್ಬರೇ, ಅವರಲ್ಲಿ ಒಬ್ಬರು ಪೆಟ್ಟಿಗೆಯಲ್ಲಿದ್ದಾರೆ. ಅವಳು ಬೊಯ್ಯೊ ಬಿಚ್ಚಿ ನಿಂತೇ ತಿಂದಳು. ನಾಲ್ಕನ್ನೂ ತಿಂದಳು. ಉಪ್ಪಿತ್ತೋ ಇಲ್ಲವೋ ತಿಳಿಯಲಿಲ್ಲ.

ಹೇಳದೆ ಇರಲು ಅವಳಿಗೆ ಕಾರಣಗಳಿಗೆ ಬರವಿರಲಿಲ್ಲ. ಮಾಡದ ಕೆಲಸ ಮಾಡಿದೆನೆಂದು ಬರೆದು ರುಜು ಹಾಕಿದವಳ ಪರವಾನಗಿ ಉಳಿಯುವುದು ಕಷ್ಟ. ಕೆಮ್ಮಿದರೆಂದು ನೋವಿನ ರೋಗಿಯನ್ನು ಎಬ್ಬಿಸಿ ಕಳಿಸಿದ್ದು ಬೀದಿಗೆಲ್ಲ ಗೊತ್ತಾಗುತ್ತದೆ. ಮೂರನೆಯದು, ಮುದುಕಿ ಸಂತೋಷವಾಗಿದ್ದಾಳೆ, ಇರಲಿ ಬಿಡು ಎಂಬುದು. ಮೂರರಲ್ಲಿ ಇದೇ ಹೆಚ್ಚು ಅನುಕೂಲದ್ದು, ಏಕೆಂದರೆ ಇದಕ್ಕೆ ಕರುಣೆಯ ವೇಷವಿತ್ತು. ಆದರೆ ಅವಳನ್ನು ಸ್ವಲ್ಪವಾದರೂ ಕಾಡಿದ್ದು ಇದಾವುದೂ ಅಲ್ಲ. ಇಷ್ಟಾದರೂ ತನಗೆ ಏನೂ ಆಗುತ್ತಿಲ್ಲವಲ್ಲ ಎಂಬುದು. ತಾನು ಕೆಟ್ಟವಳೇ ಇರಬಹುದು ಎಂದು ಅವಳು ಬಹಳ ಶಾಂತವಾಗಿ ಯೋಚಿಸಿದಳು.

ಬುಧವಾರ ಓಲ್ಗರ್ ಮತ್ತೆ ಫೋನು ಮಾಡಿದ.

"ನಿನ್ನ ಫೈಲು ಮುಚ್ತಿದೀನಿ ಕಣೇ. ಶುಕ್ರವಾರ ಮಧ್ಯಾಹ್ನ ಹನ್ನೊಂದು ಜನಾನ ಕಳಿಸ್ತಿದೀವಿ, ನಂಬರ್ ಹಾಕಿ ಮಣ್ಣು ಮಾಡ್ತಾರೆ. ಆ ಮುದುಕಪ್ಪನೂ ಅದ್ರಲ್ಲೇ ಹೋಗ್ತಾನೆ, ಪಾಪ. ಯಾರೋ ಏನೋ. ಹಲ್ಲು ಮಾತ್ರ ಚೆನ್ನಾಗಿ ನೋಡ್ಕೊಂಡಿದಾನೆ, ಅದೊಂದು ಬಿಟ್ರೆ. ಏನಾದ್ರೂ ಹೇಳೋದಿದ್ಯಾ?"

"ಏನಿಲ್ಲ."

"ಸರಿ ತಾನೆ?"

"ಸರಿ," ಎಂದಳು ಮರಿಯುಕ್ಸಿ.

ಗುರುವಾರ ಬೆಳಿಗ್ಗೆ ದೋನ್ಯಾ ಎಲೋದಿಯಾ ಮತ್ತೆ ಬಂದರು. ಎರಡು ದಿನ ಬಿಸಿಲಲ್ಲಿ ಆಸ್ಪತ್ರೆ, ಅನಾಥಾಶ್ರಮ ಎಂದು ತಿರುಗಿ ಮುಖ ಕಪ್ಪಿಟ್ಟಿತ್ತು, ಕಾಲು ಊದಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ಕಂಕುಳಲ್ಲಿ ಒಂದು ಕಟ್ಟು ಕಾಗದ, ಕೈಯಲ್ಲಿ ಗೋಂದಿನ ಡಬ್ಬಿ.

"ನದಿ ಆಚೆ ದುರಾನ್‌ಗೂ ಹೋಗಿ ಬಂದೆ. ಅಲ್ಲೊಬ್ಬ ಕಾವಲುಗಾರ, ಇಂಥ ಮುದುಕನ್ನ ನೋಡ್ದಂಗಿದೆ ಅಂದ. ನಾಳೆ ಬಾಬಾವೊಯೋ ಊರಿಗೆ ಹೋಗ್ತೀನಿ. ನಿಮ್ಮ ಕಿಟಕಿಗೆ ಒಂದು ಅಂಟಿಸ್ಲಾ? ಇಲ್ಲಿ ಜನ ಬರ್ತಾರೆ, ನೋಡ್ತಾರೆ."

ಮರಿಯುಕ್ಸಿ ಕಾಗದ ತೆಗೆದುಕೊಂಡು ಓದಿದಳು. ಮೇಲೆ ದೋನ್ ವೆಲಿಂಗ್ಟನ್ನರ ಚಿತ್ರ, ಬಸ್ಸಿನ ಸ್ಟಿಯರಿಂಗಿನ ಹಿಂದೆ ನಗುತ್ತಿರುವುದು. ಕೆಳಗೆ ಹೆಸರು, ವಯಸ್ಸು, ಎತ್ತರ, ಫೋನ್ ನಂಬರು. ಅದರ ಕೆಳಗೆ ದಪ್ಪಕ್ಷರದಲ್ಲಿ: ಗುರುತಿನ ಚಿಹ್ನೆ, ಎಡಗಡೆ ಕೆಳದವಡೆಯಲ್ಲಿ ಒಂದು ಹಲ್ಲು ಇಲ್ಲ.

"ಚೆನ್ನಾಗಿ ಬರ್ದಿದೀನಾ? ಆ ಹಲ್ಲಿಗೆ ಏನೋ ನಂಬರ್ ಇದೆ ಅಂದ್ರು ಆ ದಪ್ಪ ಡಾಕ್ಟ್ರು. ಅದನ್ನೂ ಬರೀಲಾ?"

"ದೋನ್ಯಾ ಎಲೋದಿಯಾ, ಕೂತ್ಕೊಳ್ಳಿ."

"ಕೂತ್ರೆ ಏಳಕ್ಕಾಗಲ್ಲ ತಾಯಿ. ಹೇಳಿ."

"ನಾನು ಆ ಹಲ್ಲು ಕೀಳ್ಲಿಲ್ಲ."

ಮುದುಕಿಗೆ ಅರ್ಥವಾಗಲಿಲ್ಲ. ನಗುವೇ ಇತ್ತು ಮುಖದಲ್ಲಿ.

"ಕಾಗದದಲ್ಲಿ ಕಿತ್ತಿದೀನಿ ಅಂತಿದೆ. ಕಿತ್ತಿಲ್ಲ. ಇಂಜೆಕ್ಷನ್ ಕೊಟ್ಟೆ, ಗುರುತು ಮೊದಲೇ ಹಾಕ್ಬಿಟ್ಟೆ. ಆಮೇಲೆ ಅವರು ಕೆಮ್ಮಿದ್ರು. ನಂಗೆ ಹೆದರಿಕೆ ಆಯ್ತು. ಎಬ್ಬಿಸಿ ಮನೆಗೆ ಕಳಿಸ್ದೆ. ಹಲ್ಲು ಅವರ ಬಾಯಲ್ಲೇ ಇತ್ತು."

"ಸುಳ್ಳು. ಅವ್ನೇ ಹೇಳಿದ, ಕಿತ್ತರು ಅಂತ."

"ಯಾಕೆ ಹಾಗಂದ್ರೋ ನಂಗೊತ್ತಿಲ್ಲ."

ದೋನ್ಯಾ ಎಲೋದಿಯಾ ಗೋಂದಿನ ಡಬ್ಬಿಯನ್ನು ಕಿಟಕಿಯ ಮೇಲಿಟ್ಟರು. ನಿಧಾನವಾಗಿ, ಒಂದೊಂದೇ ಮಾತು ಆರಿಸಿಕೊಂಡು ಹೇಳಿದರು.

"ಒಂಬತ್ತು ದಿನ ಬರೀ ಬಲಗಡೇಲಿ ಅಗೀತಿದ್ದ. ಗಾಯ ಮಾಯ್ಲಿ ಅಂತ ನಾನು ದಿನಾ ಉಪ್ಪುನೀರು ಕಾಯಿಸಿ ಮುಕ್ಕಳಿಸೋಕೆ ಕೊಡ್ತಿದ್ದೆ. ಇಲ್ಲದ ಗಾಯಕ್ಕೆ. ಅವ್ನೂ ಮುಕ್ಕಳಿಸಿ, ಹಾಯಾಗಿದೆ ಕಣೇ ಅಂತಿದ್ದ. ಕೆಮ್ಮಿದ್ದಕ್ಕೆ ಓಡಿಸಿದ್ರು ಅಂದ್ರೆ ನಾನು ಹೆದರ್ಕೋತೀನಿ ಅಂತ." ಗೋಂದಿನ ಡಬ್ಬಿಯ ಮುಚ್ಚಳ ಬಿಗಿ ಮಾಡಿದರು. "ಇಂಜೆಕ್ಷನ್ನು ಎಷ್ಟು ಹೊತ್ತು ಇರುತ್ತೆ?"

"ಮೂರು ಗಂಟೆ."

"ಆಮೇಲೆ ಅವ್ನಿಗೆ ನೋವಿತ್ತಾ?"

ಇಲ್ಲ ಎನ್ನಬಹುದಿತ್ತು. ಒಂದೊಂದು ಹಲ್ಲಿನ ನರ ಸತ್ತು ನೋವು ತಾನಾಗಿ ನಿಲ್ಲುವುದೂ ಉಂಟು, ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಮರಿಯುಕ್ಸಿ, "ಇತ್ತು," ಎಂದಳು. "ತುಂಬಾ ಇರುತ್ತೆ."

ಮುದುಕಿ ಅವಳ ಕೈಯಿಂದ ಕಾಗದ ಕಿತ್ತುಕೊಂಡರು. ಕಟ್ಟಿಗೆ ಸೇರಿಸಿ, ಅಂಚು ಸರಿಮಾಡಿ, ಮತ್ತೆ ಕಂಕುಳಿಗಿಟ್ಟುಕೊಂಡರು.

"ಸೋಮವಾರ ನಾನು ಬಂದಾಗ ನಿಂಗೆ ಗೊತ್ತಿತ್ತು," ಎಂದರು. ಹತ್ತೊಂಬತ್ತು ವರ್ಷದಲ್ಲಿ ಅವಳನ್ನು ಅವರು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ನಾನು ಕೊಟ್ಟಿದ್ದನ್ನ ತಿಂದೆ. ನನ್ನ ದುರಾನ್‌ಗೆ ಹೋಗೋಕೆ ಬಿಟ್ಟೆ. ಈ ಕಾಲಲ್ಲಿ."

"ಹೌದು."

"ಅಂದ್ರೆ ಅವ್ನು ಸತ್ತಿದಾನೆ."

"ಹೌದು, ದೋನ್ಯಾ ಎಲೋದಿಯಾ."

ಅವರು ಬೀದಿ ದಾಟಿ ಹೋದರು. ಗೋಂದಿನ ಡಬ್ಬಿ ಕಿಟಕಿಯ ಮೇಲೆಯೇ ಉಳಿಯಿತು. ಮರಿಯುಕ್ಸಿ ಓಲ್ಗರ್‌ಗೆ ಫೋನು ಮಾಡಿ, ಆ ಮುದುಕಪ್ಪನನ್ನು ಕಳಿಸಬೇಡ, ನಾಳೆ ಬೆಳಿಗ್ಗೆ ಬರುತ್ತೇನೆ ಎಂದಳು.

ಶುಕ್ರವಾರ ಏಳಕ್ಕೆ ಅವಳು ಹೊರಡಲೆಂದು ಬಾಗಿಲು ತೆರೆದರೆ ಹೊಸ್ತಿಲಲ್ಲಿ ದೋನ್ಯಾ ಎಲೋದಿಯಾ ಕಪ್ಪು ಬಟ್ಟೆಯಲ್ಲಿ ನಿಂತಿದ್ದರು. "ನಡೀರಿ ಡಾಕ್ಟ್ರೇ," ಎಂದರು. ಈಗ ಬಹುವಚನ, ಆದರೆ ತಾಯಿ ಇಲ್ಲ. ಟ್ಯಾಕ್ಸಿಯಲ್ಲಿ ಇಬ್ಬರೂ ಒಂದೊಂದು ಕಿಟಕಿ ನೋಡುತ್ತ ಕೂತರು. ದಾರಿಯಲ್ಲಿ ಮುದುಕಿ ಒಂದೇ ಒಂದು ಮಾತಾಡಿದರು, ಅದೂ ಡ್ರೈವರಿಗೆ, ಗೇರು ತಪ್ಪು ಹಾಕುತ್ತಿದ್ದೀಯೆಂದು.

ಓಲ್ಗರ್ ಮರಿಯುಕ್ಸಿಯನ್ನು ಮಾತ್ರ ಒಳಗೆ ಕರೆದ. ದೋನ್ಯಾ ಎಲೋದಿಯಾ ಹೊರಗಿನ ಬೆಂಚಿನ ಮೇಲೆ ಕೂತರು. ಹೇಳಿಕೆಯ ನಮೂನೆಯಲ್ಲಿ ನಕ್ಷೆ ತಪ್ಪಾಗಿರುವುದಕ್ಕೆ ಕಾರಣ ಬರೆಯಲು ಎರಡು ಸಾಲು ಜಾಗವಿತ್ತು.

"ಕಾರಣಾಂತರಗಳಿಂದ ಅಂತ ಬರಿ, ಸಾಕು," ಎಂದ ಓಲ್ಗರ್ ಧ್ವನಿ ತಗ್ಗಿಸಿ. "ನಾನೂ ಎಷ್ಟು ಸಲ ಮೊದಲೇ ನೀಲಿ ಎಳೆದಿಲ್ಲ? ಸುಮ್ಮನೆ ಯಾಕೆ ತಲೆ ಕೊಡ್ತೀಯ?"

ಮರಿಯುಕ್ಸಿ ಬರೆದಳು. 'ಹಲ್ಲು ಕೀಳುವ ಮೊದಲೇ ಗುರುತು ಹಾಕಿದೆ. ರೋಗಿ ಕೆಮ್ಮಿದರು. ನಾನು ಹೆದರಿ ಅವರನ್ನು ನೋವಿನಲ್ಲೇ ಮನೆಗೆ ಕಳಿಸಿದೆ.' ಎರಡು ಸಾಲು ಸಾಲದೆ ಕೊನೆಯ ಪದ ಅಂಚಿಗೆ ಹೋಯಿತು.

ಓಲ್ಗರ್ ಓದಿ ಫೈಲಿಗೆ ಸೇರಿಸಿದ. ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ. ಮೇಲ್ದವಡೆಯ ಚಿತ್ರ, ಕೆಳದವಡೆಯ ಚಿತ್ರ, ಮುಖವಿಲ್ಲ. ಅವಳಿಗೆ ಮುಖ ಬೇಕಾಗಿಯೂ ಇರಲಿಲ್ಲ. ಮೇಲೆ ಬಲಗಡೆ ತಾನು ಹನ್ನೆರಡು ವರ್ಷದ ಹಿಂದೆ ತುಂಬಿದ ಬೆಳ್ಳಿ, ಅದರ ಪಕ್ಕದಲ್ಲಿ ಎರಡು ಸಲ ಮಾಡಬೇಕಾಗಿ ಬಂದ ಕೆಲಸ. ತನ್ನ ಕೈಬರಹ ಗುರುತಿಸುವ ಹಾಗೆ ಒಂದೊಂದನ್ನೇ ಗುರುತಿಸಿ ಹೇಳುತ್ತ ಹೋದಳು, ಓಲ್ಗರ್ ಟಿಕ್ ಹಾಕುತ್ತ ಹೋದ. ಕೊನೆಗೆ ಮೂವತ್ತಾರು. ಗೋಡೆಯೊಂದು ಕುಸಿದು ಒಳಗೆಲ್ಲ ಕಪ್ಪಾಗಿತ್ತು. ಬೇರು ನೇರವಾಗಿತ್ತು, ಹಿಡಿತ ಸಡಿಲವಾಗಿತ್ತು.

"ಎರಡು ನಿಮಿಷದ ಕೆಲಸ," ಎಂದಳು ಮರಿಯುಕ್ಸಿ.

"ಏನಂದೆ?"

"ಎರಡೇ ನಿಮಿಷ ಓಲ್ಗರ್. ಇಕ್ಕಳ ಕೈಯಲ್ಲಿತ್ತು. ತುಟಿ ಮರಗಟ್ಟಿತ್ತು. ಬಾಯಿ ತೆರೆದೇ ಇದ್ರು. ಎರಡು ನಿಮಿಷ ಉಸಿರು ಹಿಡ್ಕೊಂಡಿದ್ರೂ ಆಗ್ತಿತ್ತು."

ಅವನು ಪರದೆ ಆರಿಸಿದ. ನೀರು ತಂದುಕೊಟ್ಟ. ಅವಳು ಕುಡಿಯದೆ ಎದ್ದು ಹೊರಗೆ ಬಂದಳು. ಮುದುಕಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

"ಅವ್ನೇನಾ?"

"ಅವರೇ."

ಅಷ್ಟು ಹೇಳುವಷ್ಟರಲ್ಲಿ ಮರಿಯುಕ್ಸಿಯ ಮಾರ್ಚಿನಿಂದ ಒಂದು ಹನಿಯೂ ಕಾಣದಿದ್ದ ಕಣ್ಣು ಉರಿಯಿತು, ಎದೆಯೊಳಗಿನಿಂದ ಒಂದು ವಿಕಾರವಾದ ಸದ್ದು ಎದ್ದು ಮಾಸ್ಕಿನೊಳಗೆ ಸಿಕ್ಕಿಕೊಂಡಿತು. ನೋಯುತ್ತಿತ್ತು. ಎಲ್ಲ ಕಡೆ, ಒಟ್ಟಿಗೆ, ತಡೆಯಲಾರದಷ್ಟು ನೋಯುತ್ತಿತ್ತು. ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕುಸಿದಳು.

ದೋನ್ಯಾ ಎಲೋದಿಯಾ ಅವಳ ತೋಳನ್ನು ಗಟ್ಟಿಯಾಗಿ ಹಿಡಿದರು. ಸಮಾಧಾನ ಮಾಡುವುದಕ್ಕಲ್ಲ, ನಿಲ್ಲಿಸುವುದಕ್ಕೆ.

"ನೀವು ತಡ್ಕೊಳ್ಳಿ ಡಾಕ್ಟ್ರೇ," ಎಂದರು. "ಮೊದಲ ಸರದಿ ನಂದು."

ಆಮೇಲೆ ಅವರು ಚೀಲದಲ್ಲಿ ಮುಖ ಹುದುಗಿಸಿ ಅತ್ತರು. ಬಹಳ ಹೊತ್ತು ಅತ್ತರು. ಮರಿಯುಕ್ಸಿ ಹಲ್ಲು ಕಚ್ಚಿಕೊಂಡು ಪಕ್ಕದಲ್ಲೇ ಕೂತು ಕಾದಳು.